ಮುರಿಯದೆ ಉಳಿದ ಅಳತೆಕೋಲು

ದೀಪ ಹಚ್ಚಬೇಡಿ, ಹೀಗೇ ಇರಲಿ. ಮೊಬೈಲ್ ಬೆಳಕೂ ಬೇಡ. ಕೇಳುವವರು ಹತ್ತಿರ ಬನ್ನಿ, ಬೇಡವಾದವರು ಒಳಗೆ ಹೋಗಿ ಮಲಗಿ. ನಡುವೆ ಯಾರಾದರೂ ಕಿಸಕ್ಕನೆ ನಕ್ಕರೆ ಮಾತ್ರ ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಇದು ಎಲ್ಲಿಯೋ ಯಾರಿಗೋ ಆದದ್ದಲ್ಲ... ನನ್ನ ಚಿಕ್ಕವ್ವನ ಮಗಳು ಸಪ್ನಾಳಿಗೆ ಆದದ್ದು. ಅವಳ ರಕ್ತವನ್ನು ಈ ಕೈಯಿಂದ ತೊಳೆದಿದ್ದೇನೆ.

ಸಪ್ನಾಳ ಗಂಡ ಮಾಂತು ನಿಮಗೆ ಗೊತ್ತು. ಬಡಗಿ, ಜಮಖಂಡಿ ಕಡೆಯವನು. ಇದೇ ಚಾಳಿನಲ್ಲಿ ನಮ್ಮ ಎದುರಿನ ಖೋಲಿ. ಕೈ ಚಿನ್ನದಂಥದು, ತಲೆ ಮಾತ್ರ ಕಲ್ಲು. ಯಾರು ಬೇಡವೆಂದರೂ ತನಗೆ ಅನಿಸಿದ್ದನ್ನೇ ಮಾಡುವವನು.

ಹೋದ ವರ್ಷ, ದೀಪಾವಳಿಗೆ ಹದಿನೈದು ದಿನ ಮೊದಲು. ಬುಧವಾರ ರಾತ್ರಿ ಹತ್ತೂವರೆ. ಮಾಂತು ಕೆಲಸ ಮುಗಿಸಿ ನಡೆದು ಬರುತ್ತಿದ್ದ. ಮಾರ್ಕೆಟ್ ಯಾರ್ಡಿನ ಹಿಂದೆ ಈರುಳ್ಳಿ ಗೋದಾಮುಗಳು ಮುಗಿಯುವಲ್ಲಿ ಹಳೆಯ ಬಾವಿ ಇದೆಯಲ್ಲ, ಮೇಲೆ ಕಬ್ಬಿಣದ ಜಾಳಿಗೆ ಹಾಕಿದ್ದು... ಅಲ್ಲಿಗೆ ಬಂದಾಗ ಒಂದು ಸದ್ದು.

ಸರ್... ಸರ್... ಸರ್...

ಕೈಗರಗಸ. ತಳ್ಳುವಾಗ ಸಣ್ಣಗೆ, ಎಳೆಯುವಾಗ ದಪ್ಪಗೆ. ಬಡಗಿಗೆ ಆ ಸದ್ದು ನಿದ್ದೆಯಲ್ಲೂ ಗೊತ್ತಾಗುತ್ತದೆ. ಬಾವಿಯೊಳಗಿಂದ ಬಂದಂತೆ ಅನಿಸಿ ಮಾಂತು ಜಾಳಿಗೆಗೆ ಕಿವಿ ಇಟ್ಟ. ಬಾವಿ ಸುಮ್ಮನಿತ್ತು. ಸದ್ದು ಬರುತ್ತಿದ್ದುದು ಹಿಂದಿನಿಂದ, ಅವನು ಐದು ನಿಮಿಷದ ಹಿಂದೆ ಬೀಗ ಹಾಕಿ ಬಂದ ತಗಡಿನ ಶೆಡ್ಡಿನಿಂದ.

ಓಡಿಹೋಗಿ ನೋಡಿದರೆ ಬೀಗ ಹಾಕಿದ್ದು ಹಾಕಿದಂತೆ ಇತ್ತು. ಹೊರಗೆ ಕಾವಲುಗಾರ ಅವಧೂತ ಬೀಡಿಯನ್ನೂ ಸೇದದೆ ಕೂತಿದ್ದ. ಮಾಂತು ಪಿಸುಗುಟ್ಟಿದ.

"ಕಾಕಾ, ಒಳಗ ಯಾರದಾರ್ರಿ?"

"ಕುಣಿ ನಾಹಿ." ಯಾರೂ ಇಲ್ಲವೆಂದು ಮರಾಠಿಯಲ್ಲಿ ಹೇಳಿದ ಮುದುಕ. ಆಮೇಲೆ ತನಗೆ ಬರುವಷ್ಟು ಕನ್ನಡದಲ್ಲಿ ಕೇಳಿದ, "ಮಾಂತು... ತೂ ಆ ಕೋಲು ತಗೊಂಡಿ ಕಾಯ್?"

ತಡೆಯಿರಿ, ಕೋಲಿನ ವಿಷಯ ಹೇಳಬೇಕು. ಅದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಶೆಡ್ಡಿನಲ್ಲಿ ಇದ್ದದ್ದು ಒಂದು ಮನೆಗಾಡಿ. ಬಸ್ಸಿನಂಥದು, ಒಳಗೆ ಹಾಸಿಗೆ, ಒಲೆ, ಕಪಾಟು, ಎಲ್ಲ. ಐವತ್ತು ವರ್ಷದ ಹಳೆಯದು. ದೌಂಡ ಹತ್ತಿರ ಕಬ್ಬಿನ ಹೊಲದ ಕೊಟ್ಟಿಗೆಯಲ್ಲಿ ಕೊಳೆಯುತ್ತ ನಿಂತಿದ್ದನ್ನು ಬೆಂಗಳೂರಿನಿಂದ ಇಲ್ಲಿಗೆ ಬಂದ ಗಂಡಹೆಂಡತಿ ಕೊಂಡಿದ್ದರು. ಅಭಿಲಾಷ ಮತ್ತು ಸಿಂಧು, ಇಬ್ಬರೂ ಇಲ್ಲೇ ಐಟಿ ಕಂಪನಿಯಲ್ಲಿ. ಗಾಡಿಯ ಜೊತೆಗೆ ಅದನ್ನು ಕಾಯುತ್ತಿದ್ದ ಅವಧೂತನೂ ಬಂದ. ಒಳಗಿನ ಕಪಾಟುಗಳನ್ನೆಲ್ಲ ಗೆದ್ದಲು ತಿಂದಿತ್ತು. ಅವನ್ನು ಕಿತ್ತು, ಹಳೆಯ ಅಂದ ಕೆಡದಂತೆ ಹೊಸದಾಗಿ ಕಟ್ಟಬೇಕು, ದೀಪಾವಳಿ ರಜೆಗೆ ಗೋಕರ್ಣಕ್ಕೆ ಹೊರಡಬೇಕು. ಅದು ಮಾಂತುವಿಗೆ ಸಿಕ್ಕ ಕೆಲಸ.

ಮನೆಯ ಕಪಾಟು ಮಾಡುವುದು ಬೇರೆ, ಗಾಡಿಯದು ಬೇರೆ. ಗೋಡೆಯೇ ನೆಟ್ಟಗಿಲ್ಲ. ಮೇಲೆ ಹೋದಂತೆ ಒಳಕ್ಕೆ ಬಾಗುತ್ತದೆ. ಒಂದೊಂದು ಹಲಗೆಗೂ ಹತ್ತು ಸಲ ಅಳತೆ. ಸೋಮವಾರ ಹಳೆಯ ಕಪಾಟು ಕೀಳುವಾಗ ಗೋಡೆಯ ಸಂದಿಯಲ್ಲಿ ಮಾಂತುವಿಗೆ ಒಂದು ಸಾಗವಾನಿ ಕೋಲು ಸಿಕ್ಕಿತು. ಮೇಲೆ ಉಳಿಯಿಂದ ಗೀರಿದ ಗುರುತುಗಳು. ಗಾಡಿಯ ಮೊದಲ ಬಡಗಿಯ ಅಳತೆಕೋಲು. ಯಾವ ಹಲಗೆ ಎಷ್ಟು ಉದ್ದ, ಎಲ್ಲ ಅದರ ಮೇಲಿತ್ತು.

ಮಾಂತುವಿನ ಅಪ್ಪ ಶಂಕ್ರೆಪ್ಪ ಮಾವ ಇಂಥ ಕೋಲಿನ ಮೇಲೇ ಕೆಲಸ ಮಾಡುತ್ತಿದ್ದವರು. ಕೆಲಸ ಮುಗಿದ ದಿನ ಮನೆಯ ಯಜಮಾನನ ಎದುರು ಕೋಲನ್ನು ಮೊಣಕಾಲಿಗೆ ಹಚ್ಚಿ ಫಟ್ಟನೆ ಮುರಿದು ಒಲೆಗೆ ಹಾಕುತ್ತಿದ್ದರು. ಮುರಿಯದ ಕೋಲು ಎಲ್ಲಾದರೂ ಕಂಡರೆ ಮುಟ್ಟುತ್ತಿರಲಿಲ್ಲ. ಅದರ ಕೆಲಸ ಇನ್ನೂ ಮುಗಿದಿಲ್ಲ, ಅದನ್ನು ಹಿಡಿದವನು ಆ ಕೆಲಸಕ್ಕೆ ಕೈ ಹಾಕಿದಂತೆ ಎನ್ನುತ್ತಿದ್ದರು. ಮಾಂತುವಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಎತ್ತಿಕೊಂಡ. ಎರಡು ದಿನದ ಅಳತೆಯ ಕೆಲಸ ಉಳಿಯಿತಲ್ಲ ಎಂದು ಖುಷಿಪಟ್ಟ. ದಡ್ಡ.

ಕೋಲಿನ ಗುರುತಿಗೆ ಕೊಯ್ದ ಹಲಗೆಗಳೆಲ್ಲ ಗೋಡೆಗೆ ಹೇಳಿ ಮಾಡಿಸಿದ ಹಾಗೆ ಕೂತವು. ಒಂದು ಗುರುತು ಮಾತ್ರ ಯಾವುದಕ್ಕೂ ಕೂಡಲಿಲ್ಲ. ಐದು ಅಡಿ ಒಂದು ಇಂಚು. ಬುಧವಾರ ಮಧ್ಯಾಹ್ನ ಅವನ ಕೈ ಆ ಅಳತೆಗೂ ಹಲಗೆ ಕೊಯ್ದಿತು. ಯಾಕೆ ಕೊಯ್ದೆ ಎಂದು ನಾನೇ ಕೇಳಿದ್ದೇನೆ. "ಗೊತ್ತಿಲ್ಲ ಚಿತ್ರಕ್ಕಾ, ಕೈ ಮಾಡಕೋತ ಹೋತು" ಎಂದ. ಸಂಜೆ ನೋಡಿದರೆ ಹಾಸಿಗೆಯ ಕೆಳಗೆ ಒಂದು ಉದ್ದನೆ ಪೆಟ್ಟಿಗೆ ತಯಾರಾಗಿತ್ತು. ಮೂರು ಕಡೆ ಹಲಗೆ, ಮೇಲೆ ಮುಚ್ಚಳ. ಕಾಲ ಕಡೆಯ ಒಂದು ಹಲಗೆ ಮಾತ್ರ ಬಾಕಿ.

ಅದಕ್ಕೇ ಆ ರಾತ್ರಿ ಅವಧೂತ ಕೋಲಿನ ಬಗ್ಗೆ ಕೇಳಿದ್ದು. ತೆಗೆದುಕೊಂಡಿದ್ದೇನೆ ಎಂದು ಮಾಂತು ಹೇಳಿದ. ಮುದುಕ ತಲೆ ಮೇಲೆ ಕೈ ಇಟ್ಟುಕೊಂಡು ಎಲ್ಲ ಹೇಳಿದ.

ಗಾಡಿಯ ಮೊದಲ ಮಾಲೀಕ ಕಬ್ಬಿನ ಸಾಹುಕಾರ. ಅವಧೂತನ ಅಪ್ಪನೇ ಆಗ ಡ್ರೈವರ್. ಸಾಹುಕಾರನಿಗೆ ಸೊಸೆಯ ಮೇಲೆ ಹಗೆ. ಬಡಗಿಯನ್ನು ಕರೆದು, ಹಾಸಿಗೆಯ ಕೆಳಗೆ ಪೆಟ್ಟಿಗೆ ಮಾಡು, ಇವಳ ಅಳತೆಗೆ, ಎಂದ. ಸೊಸೆಯನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿದರು. ಬಡಗಿ ಅವಳ ಪಕ್ಕ ಕೋಲು ಹಿಡಿದು ನೆತ್ತಿಗೆ ಸರಿಯಾಗಿ ಗೀರು ಹಾಕಿದ. ಯಾಕೆಂದು ಕೇಳಲಿಲ್ಲ. ಆ ರಾತ್ರಿಯೇ ಹುಡುಗಿ ಕಿಟಕಿಯಿಂದ ಹಾರಿ ಓಡಿಹೋದಳು. ಬಡಗಿಯೇ ಸುಳಿವು ಕೊಟ್ಟನೆಂದು ಸಾಹುಕಾರ ಅವನನ್ನು ಗಾಡಿಯೊಳಗೆ ಕೆಡವಿ, ಅವನ ಕೊಡತಿಯಿಂದಲೇ ಅವನ ತಲೆಗೆ ಹೊಡೆದ. ಒಂದೊಂದು ಏಟಿಗೂ ಒಂದೇ ಮಾತು. ಕೆಲಸ ಮುಗಿಸು... ಕೆಲಸ ಮುಗಿಸು... ತಲೆ ಗೋಡೆಗೆ ಹತ್ತಿಕೊಳ್ಳುವವರೆಗೆ ಹೊಡೆದ. ಹೆಣವನ್ನು ಕಬ್ಬಿನ ಸೋಗೆಯಲ್ಲಿ ಸುಟ್ಟರು. ಕೇಸಾಗಲಿಲ್ಲ.

"ಕೋಲು ಮೋಡ್," ಎಂದ ಅವಧೂತ. "ಆಜಚ್ ಮೋಡ್." ಇವತ್ತೇ ಮುರಿ.

ಮಾಂತು ಏನೆಂದ ಗೊತ್ತೇ? "ಕಪಾಟಿಂದು ಇನ್ನ ಎರಡ ಹಲಗಿ ಉಳದಾವ್ರಿ ಕಾಕಾ. ನಾಳೆ ಮುರಿತೀನಿ."

ನಾಳೆ ಅಂದರೆ ಗುರುವಾರ. ನಮ್ಮ ಕಡೆ ಗುರುವಾರ ಕರೆಂಟು ತೆಗೆಯುತ್ತಾರೆ. ಮಶೀನು ನಡೆಯುವುದಿಲ್ಲವೆಂದು ಮಾಂತು ಕೈಗರಗಸ, ಉಳಿ, ಕೊಡತಿ ಹೊರತೆಗೆದು ಬೆಳಿಗ್ಗೆಯೇ ಹೋದ. ಹೋಗುವಾಗ ಸಪ್ನಾಳಿಗೆ, "ಇವತ್ತ ನೀ ಬರಬ್ಯಾಡ, ನಾ ಮನಿಗೇ ಉಣ್ಣಾಕ ಬರ್ತೀನಿ" ಎಂದ. ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ಅವಳು ಹೋಗುತ್ತಿರಲಿಲ್ಲ. ಗಂಡಸರು ಹೇಳಬೇಕಾದ್ದನ್ನೇ ನುಂಗುತ್ತಾರೆ, ನನಗೆ ಅದಕ್ಕೇ ಮೈ ಉರಿಯುವುದು.

ಹನ್ನೆರಡೂವರೆಗೆ ಸಪ್ನಾಳ ಫೋನು ಒಂದು ಸಲ ಗುಂಯ್ ಎಂದು ನಿಂತಿತು. ಮಾಂತುವಿನ ಮಿಸ್ಡ್ ಕಾಲ್. ಅವರಿಬ್ಬರ ನಡುವೆ ಅದರರ್ಥ ಒಂದೇ, ಹಸಿವಾಗಿದೆ, ಡಬ್ಬಿ ತಾ. ಮನಸ್ಸು ಬದಲಾಗಿರಬೇಕು ಎಂದುಕೊಂಡು ಅವಳು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಹೊರಟಳು. ನನ್ನ ಮುಂದೆಯೇ ಹೊರಟಳು.

ಆ ಹೊತ್ತಿಗೆ ಮಾಂತು ಕಪಾಟಿನ ಬಾಗಿಲಿಗೆ ಹಚ್ಚುವ ಬಿಜಾಗ್ರಿ ತರಲು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದ. ಫೋನು ಗಾಡಿಯೊಳಗೇ ಇತ್ತು.

ಅವನು ವಾಪಸು ಬಂದಾಗ ಗಾಡಿಯ ಮೆಟ್ಟಿಲ ಕೆಳಗೆ ಸಪ್ನಾಳ ಚಪ್ಪಲಿ. ಮೆಟ್ಟಿಲ ಮೇಲೆ ಡಬ್ಬಿ, ಇನ್ನೂ ಬಿಸಿ. ಒಳಗೆ...

ಸರ್... ಸರ್... ಸರ್...

ಎಳೆದರೂ ಬಾಗಿಲು ತೆರೆಯಲಿಲ್ಲ. ಚಿಲಕವನ್ನು ಇನ್ನೂ ಕೂರಿಸಿರಲೇ ಇಲ್ಲ, ಆದರೂ ತೆರೆಯಲಿಲ್ಲ. ಕಿಟಕಿಯ ಗಾಜಿಗೆ ಮುಖ ಒತ್ತಿ ನೋಡಿದ. ಒಳಗೆ ಕೊಡತಿ ತಾನೇ ಏಳುತ್ತಿತ್ತು, ತಾನೇ ಬೀಳುತ್ತಿತ್ತು. ಟಕ್... ಟಕ್ ಟಕ್. ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಇಳಿಯುತ್ತಿತ್ತು. ಹಲಗೆ ಬಾಕಿಯಿದ್ದ ಕಾಲ ಕಡೆಯಿಂದ ಎರಡು ಪಾದ ಹೊರಗೆ ಚಾಚಿದ್ದವು. ಸಪ್ನಾ ನಮ್ಮ ಮನೆತನದ ಹುಡುಗಿ, ಉದ್ದ. ಪೆಟ್ಟಿಗೆ ಅವಳಿಗೆ ಗಿಡ್ಡವಾಗಿತ್ತು. ಹಲಗೆ ಉದ್ದವಾದರೆ ಬಡಗಿ ಏನು ಮಾಡುತ್ತಾನೆ, ಹೇಳಿ?

ಗರಗಸ ಅವಳ ಹಿಮ್ಮಡಿಯ ಮೇಲಿತ್ತು. ಹಿಡಿದವರು ಕಾಣುತ್ತಿರಲಿಲ್ಲ. ನೆಲದ ಮೇಲೆ ಹೊಟ್ಟು ಕೆಂಪಗೆ ಬೀಳುತ್ತಿತ್ತು.

ಪೆಟ್ಟಿಗೆಯೊಳಗಿಂದ ಸಪ್ನಾಳ ದನಿ. ಕಿರುಚಲಿಲ್ಲ ಅವಳು. ನಿದ್ದೆಗಣ್ಣಿನವರು ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ರೀ... ಇಲ್ಲಿ ಜಾಗಾ ಸಾಲವಲ್ದು..."

ಅಷ್ಟರಲ್ಲಿ ಓಡಿಬಂದ ಅವಧೂತ ಜಾಕಿನ ರಾಡಿನಿಂದ ಕಿಟಕಿ ಒಡೆದ. ಮಾಂತು ಒಡೆದ ಗಾಜಿನ ಮೇಲೇ ಹೊಟ್ಟೆ ಎಳೆದುಕೊಂಡು ಒಳಗೆ ಬಿದ್ದ. ಏಳುವುದರೊಳಗೆ ಏನೋ ಅವನ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿತು. ಧಪ್... ಧಪ್... ಮೂರನೆಯ ಸಲಕ್ಕೆ ಕಿವಿಯಿಂದ ರಕ್ತ. ಕಪಾಟಿನ ಅಂಚು ಹಿಡಿದು ಎದ್ದ. ಉಳಿ ಬಂದು ಎಡ ಅಂಗೈ ತೂರಿ ಹಲಗೆಗೆ ನಾಟಿತು. ಅವನು ಕಿತ್ತುಕೊಂಡದ್ದು ಉಳಿಯನ್ನಲ್ಲ, ಕೈಯನ್ನು. ಚರ್ಮ ಬೆರಳ ಸಂದಿಯವರೆಗೆ ಹರಿದುಬಂತು.

ಗರಗಸ ನಿಲ್ಲಲಿಲ್ಲ. ಮಾಂತು ಅಡ್ಡಬಿದ್ದು ಅದರ ಹಲ್ಲನ್ನೇ ಬಲಗೈಯಲ್ಲಿ ಹಿಡಿದ. ಅದು ಒಂದು ಸಲ ಮುಂದೆ ಹೋಯಿತು, ಒಂದು ಸಲ ಹಿಂದೆ ಬಂತು. ಕಿರುಬೆರಳು ಬಿತ್ತು. ಮುಂದಿನ ಎಳೆತಕ್ಕೆ ಅದರ ಪಕ್ಕದ್ದೂ ಬಿತ್ತು. ಹೊರಗಿನಿಂದ ಅವಧೂತ ಒಂದೇ ಸಮನೆ ಕೂಗುತ್ತಿದ್ದ, "ಕೋಲು... ಕೋಲು..."

ಕೋಲು ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಉಳಿದ ಮೂರು ಬೆರಳಿನಿಂದ ಎತ್ತಿ ಮೊಣಕಾಲಿಗೆ ಹಚ್ಚಿದ. ಬಗ್ಗಿತು, ಮುರಿಯಲಿಲ್ಲ. ಆಗ ಕೊಡತಿ ಅವನ ಬೆನ್ನಿಗೆ ಬಿತ್ತು. ಪಕ್ಕೆಲುಬು ಮುರಿದ ಸದ್ದು ಹೊರಗಿದ್ದ ಅವಧೂತನಿಗೂ ಕೇಳಿತಂತೆ. ಮಾಂತು ಕೋಲಿನ ಒಂದು ತುದಿಯನ್ನು ನೆಲಕ್ಕೆ ಊರಿ, ಮೇಲೆ ಇಡೀ ಮೈ ಹಾಕಿ ಬಿದ್ದ.

"ಮುಗೀತು," ಎಂದ. "ನಿನ್ನ ಕೆಲಸ ಮುಗೀತೋ ಯಪ್ಪಾ..."

ಫಟ್.

ಗರಗಸ ಠಣ್ಣೆಂದು ನೆಲಕ್ಕೆ ಬಿತ್ತು. ಕೊಡತಿಯೂ ಬಿತ್ತು. ಬಾಗಿಲು ತಾನಾಗಿ ತೆರೆದುಕೊಂಡಿತು.

ಸುದ್ದಿ ತಿಳಿದು ನಾನು ಓಡಿಹೋದಾಗ ಅವಧೂತ ಸಬ್ಬಲಿನಿಂದ ಮೊಳೆ ಕೀಳುತ್ತಿದ್ದ. ಹನ್ನೊಂದು ಮೊಳೆ. ಮುಚ್ಚಳ ತೆಗೆದಾಗ ಸಪ್ನಾ ಕಣ್ಣು ಬಿಟ್ಟೇ ಮಲಗಿದ್ದಳು. ಎದೆಯ ಮೇಲೆ ಎರಡೂ ಕೈಗಳನ್ನು ಯಾರೋ ಜೋಡಿಸಿ ಇಟ್ಟ ಹಾಗಿತ್ತು. ನಾನು ಜೀವಮಾನದಲ್ಲಿ ಅಷ್ಟು ಹೆದರಿಲ್ಲ. ಸತ್ತಳೆಂದೇ ತಿಳಿದು ಅವಳ ಕೆನ್ನೆಗೆ ಹೊಡೆದೆ. "ಅಕ್ಕಾ" ಎಂದಳು. ಆಗ ನಾನು ಅತ್ತೆ.

ಆಸ್ಪತ್ರೆಯಲ್ಲಿ ಮಾಂತುವಿಗೆ ಎರಡು ಆಪರೇಷನ್. ಹೋದ ಬೆರಳು ಹೋದವು. ಸಪ್ನಾಳ ಎರಡೂ ಹಿಮ್ಮಡಿಗೆ ಅಡ್ಡ ಹೊಲಿಗೆ, ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ಚರ್ಮ, ಮಾಂಸ ಕೊಯ್ದಿದೆ, ಎಲುಬಿಗೆ ಏನೂ ಆಗಿಲ್ಲವೆಂದು ಡಾಕ್ಟರ್ ಎಕ್ಸ್-ರೇ ತೋರಿಸಿದರು. ಗಾಜು ಒಡೆದು, ಗರಗಸ ಜಾರಿ ಆದ ಅಪಘಾತವೆಂದು ಬರೆದುಕೊಂಡರು. ನಾವೂ ತಲೆಯಾಡಿಸಿದೆವು. ಬೇರೆ ಏನು ಬರೆಸುತ್ತೀರಿ?

ಸಿಂಧು ಆಸ್ಪತ್ರೆಗೆ ಬಂದು ನನ್ನ ಕೈ ಹಿಡಿದು ಅತ್ತಳು. "ಅಕ್ಕ, ನಮಗೆ ನಿಜವಾಗ್ಲೂ ಏನೂ ಗೊತ್ತಿರ್ಲಿಲ್ಲ. ಆ ಗಾಡಿ ನಮಗೆ ಬೇಡ್ವೇ ಬೇಡ." ಅವಳ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಹುಡುಗಿ. ಗಾಡಿಯನ್ನು ಗುಜರಿಯವನು ಕತ್ತರಿಸಿ ಒಯ್ಯುವ ಮೊದಲು ಒಳಗಿನ ರಕ್ತವನ್ನು ನಾನೂ ಅವಧೂತನೂ ತೊಳೆದೆವು. ಆ ಬಡಗಿಯ ಮೇಲೂ ನನಗೆ ಅಷ್ಟು ಸಿಟ್ಟಿಲ್ಲ. ಅವನ ತಲೆ ಒಡೆದು, ಸತ್ತ ಮೇಲೂ ದುಡಿಯಲು ಹಚ್ಚಿದನಲ್ಲ ಆ ಸಾಹುಕಾರ, ಅವನು ಕೈಗೆ ಸಿಕ್ಕಿದ್ದರೆ ನಾನೇ ಹಲ್ಲು ಉದುರಿಸುತ್ತಿದ್ದೆ.

ಸಪ್ನಾ ಮತ್ತೆ ನೆಟ್ಟಗೆ ನಡೆಯಲು ಎರಡೂವರೆ ತಿಂಗಳು ಬೇಕಾಯಿತು. ಸಂಕ್ರಾಂತಿಯ ಮರುದಿನ ಒಂದು ಹೊರೆ ಬಟ್ಟೆ ತಂದು ನನ್ನ ಮುಂದೆ ಹಾಕಿದಳು. ಎಲ್ಲ ಅವಳ ಹಳೆಯ ಚೂಡಿದಾರದ ಪೈಜಾಮಗಳು.

"ಅಕ್ಕಾ, ಸೂಜಿ ಕೊಡ. ಇವು ಎಲ್ಲಾ ನೆಲಕ್ಕ ಎಳದಾಡಾಕತ್ತಾವು."

ನಿಲ್ಲಿಸಿ ನೋಡಿದೆ. ಕಾಲಿನಲ್ಲಿ ಹತ್ತೂ ಬೆರಳಿವೆ, ಹಿಮ್ಮಡಿ ಇದೆ, ಗಾಯ ಮಾಯ್ದಿದೆ. ಏನೂ ಕಡಿಮೆಯಾಗಿಲ್ಲ. ಎಲುಬಿಗೆ ಏನೂ ಆಗಿಲ್ಲವೆಂದು ಡಾಕ್ಟರ್ ಬರೆದುಕೊಟ್ಟ ಚೀಟಿ ಇವತ್ತಿಗೂ ಅವರ ಮನೆಯಲ್ಲಿದೆ, ಬೇಕಾದರೆ ಹೋಗಿ ಓದಿಕೊಳ್ಳಿ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅವತ್ತು ಮಧ್ಯಾಹ್ನವೆಲ್ಲ ಕೂತು ಹೊಲಿದವಳು ನಾನು. ಎಂಟು ಪೈಜಾಮ. ಒಂದೊಂದನ್ನೂ ಕೆಳಗೆ ಎರಡೆರಡು ಬೆರಳು ಮಡಿಚಿದ್ದೇನೆ.