ತೊಟ್ಟಿಯ ಆಚೆ ಬದಿ

ಮಳೆ ಸುರಿಯುವಾಗ ನಮ್ಮ ದಾಖಲೆ ಕಚೇರಿಯಲ್ಲಿ ಹಳೆಯ ಕಟ್ಟುಗಳನ್ನು ಬಿಚ್ಚುವುದಿಲ್ಲ. ತೇವ ತಗಲಿದರೆ ಕಾಗದಕ್ಕೆ ಬೂಷ್ಟು ಬರುತ್ತದೆ. ಆ ಮಧ್ಯಾಹ್ನವೂ ಮೂರು ಗಂಟೆಗೇ ಪೆಟ್ಟಿಗೆಗಳನ್ನು ಮುಚ್ಚಿ, ಕಿಟಕಿಯ ಚಿಲಕಗಳನ್ನು ಎರಡೆರಡು ಸಲ ನೋಡಿ ಬಂದೆ. ಕರೆಂಟು ಹೋಯಿತು. ರಿಪೇರಿ ಕೋಣೆಯ ಉದ್ದನೆಯ ಮೇಜಿನ ಸುತ್ತ ಮೂವರು ಕೂತೆವು: ನಾನು, ಬೈಂಡರು, ಮತ್ತು ನಲವತ್ತು ವರ್ಷ ಇಲ್ಲೇ ಹರಿದ ಹಾಳೆಗಳಿಗೆ ಅಂಟು ಹಚ್ಚಿ ಎಲ್ಲರಿಗೂ ಅಂಟಜ್ಜಿಯಾದವರು.

ತಿಂಗಳ ಕೊನೆಗೆ ಅಂಟಜ್ಜಿಗೆ ನಿವೃತ್ತಿ. ಅವರ ಜಾಗಕ್ಕೆ ಯಾರನ್ನೂ ಕೊಡುವುದಿಲ್ಲವೆಂದು ಪತ್ರ ಬಂದಿತ್ತು. ದೊಡ್ಡ ಹಾಳೆ ತೊಳೆಯಲು ಇಬ್ಬರು ಬೇಕು. ನಾನೊಬ್ಬಳೇ ಮಾಡಲಾರದೆ ಹೋದರೆ ಅವೆಲ್ಲ ರದ್ದಿಗೆ ಹೋಗುತ್ತವೆ. ಇದನ್ನೇ ಹೇಳಿ ಹೇಳಿ ಬೈಂಡರ ತಲೆ ತಿಂದಿದ್ದೆ.

“ಅಜ್ಜೀ, ಇವಳಿಗೆ ಏನಾದ್ರೂ ಹೇಳಿ. ಇಲ್ಲಾಂದ್ರೆ ಹಾಳೆಗಿಂತ ಮುಂಚೆ ಇವಳೇ ಪುಡಿಪುಡಿ ಆಗ್ತಾಳೆ,” ಎಂದರು ಬೈಂಡರು.

ಅಂಟಜ್ಜಿ ಕನ್ನಡಕ ತೆಗೆದಿಟ್ಟರು.

“ಹೇಳ್ತೀನಿ, ನಡುವೆ ಬಾಯಿ ಹಾಕ್ಬೇಡಿ. ಈ ಕೋಣೆಯಲ್ಲಿ ನನಗೆ ಕೆಲಸ ಕಲಿಸಿದವಳು ದೊಡ್ಡಕ್ಕ, ಎಲ್ಲರೂ ಹಾಗೇ ಕರೀತಿದ್ರು. ಕೈ ಹಗುರ, ಬಾಯಿ ಭಾರ… ಬೈದರೆ ಗೋಡೆಯ ಸುಣ್ಣ ಉದುರ್ಬೇಕು. ಕಾಗದದ ಒಳಗೇ ಹುಳಿ ಇರುತ್ತೆ ಕಣೇ, ಅದೇ ಅದನ್ನ ಒಳಗಿಂದ ಸುಡುತ್ತೆ, ಸುಣ್ಣದ ತಿಳಿನೀರಲ್ಲಿ ತೊಳೆದರೆ ಇನ್ನೂ ನೂರು ವರ್ಷ ಬಾಳುತ್ತೆ ಅಂತ ತೋರಿಸಿಕೊಟ್ಟವಳೇ ಅವಳು. ತೊಟ್ಟಿಯ ಆಚೆ ಬದಿ ಅವಳು, ಈಚೆ ಬದಿ ನಾನು. ‘ನಿನ್ನ ಕಡೆ ಆಯ್ತಾ?’ ಅಂತ ನಾನು ಕೇಳ್ಬೇಕು, ಅವಳು ಹೂಂ ಅನ್ಬೇಕು, ಇಬ್ಬರೂ ಒಟ್ಟಿಗೆ ಎತ್ತಬೇಕು. ಆದರೆ ಅವಳು ಎಡಗೈ ಮೂಲೆಯನ್ನ ಯಾವತ್ತೂ ಒಂದು ಕ್ಷಣ ಮುಂಚೆ ಎತ್ತೋಳು, ನೀರು ಒಂದೇ ಕಡೆ ಹರಿದು ಹೋಗ್ಲಿ ಅಂತ.

“ಜ್ವರ ಅಂತ ಮಲಗಿದಳು… ಏಳಲೇ ಇಲ್ಲ. ಆಮೇಲೆ ಸಾಹೇಬರು ಬಂದರು. ಊರಿನ ಹಳೇ ನಕ್ಷೆಗಳಿದ್ವು, ಒಂದೊಂದು ಮನೆ, ಒಂದೊಂದು ಬಾವಿ ಬರೆದಿದ್ದು, ಇನ್ನೊಂದು ಪ್ರತಿ ಎಲ್ಲೂ ಇಲ್ಲ. ‘ಒಬ್ಬಳ ಕೈಲಿ ಆಗಲ್ಲಮ್ಮ, ಸೋಮವಾರ ರದ್ದಿಗೆ ಹಾಕಿಬಿಡೋಣ’ ಅಂದರು. ಏನು ಹೇಳ್ಲಿ? ಒದ್ದೆ ಹಾಳೆ ಒಬ್ಬಳೇ ಎತ್ತಿದರೆ ನಡುವೆ ಜೋತುಬಿದ್ದು ಹರಿಯುತ್ತೆ ಅಂತ ನನಗೂ ಗೊತ್ತಿತ್ತಲ್ಲ.

“ಶನಿವಾರ ಹಟಕ್ಕೆ ಬಿದ್ದು ಒಂದು ನಕ್ಷೆಯನ್ನ ನೀರಿಗೆ ಬಿಟ್ಟೆ. ಬಿಟ್ಟಮೇಲೆ ಹೊಳೀತು… ತೆಗೆಯೋದು ಹೇಗೆ? ತುಂಬ ಹೊತ್ತು ಬಿಟ್ಟರೆ ಅಲ್ಲೇ ಮೆತ್ತಗಾಗಿ ಹೋಗುತ್ತೆ. ಅಭ್ಯಾಸಬಲ ನೋಡಿ, ಬಾಯಿಂದ ಬಂದುಬಿಡ್ತು, ‘ನಿನ್ನ ಕಡೆ ಆಯ್ತಾ?’

“ಹೂಂ ಅಂದಿದ್ದು ಕೇಳಿಸ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ? ಆದರೆ ನಾನು ಎತ್ತಿದೆ… ಆಚೆ ಬದಿಯೂ ಎದ್ದಿತು. ಎಡಗೈ ಮೂಲೆ ಒಂದು ಕ್ಷಣ ಮುಂಚೆ. ನೀರು ಸಣ್ಣ ಧಾರೆಯಾಗಿ ಹರಿದು ಹೋಯ್ತು, ಅವಳಿದ್ದಾಗ ಹೇಗೋ ಹಾಗೇ.”

“ಓಡಿ ಹೋಗ್ಲಿಲ್ವಾ?” ಬೈಂಡರು ತಡೆಯಲಾರದೆ ಕೇಳಿದರು.

“ಓಡಿದರೆ ಹಾಳೆ ಹಿಡಿಯೋರು ಯಾರು? ನಿಮ್ಮ ತಾತನಾ? ಸೋಮವಾರ ಸಾಹೇಬರು ಬಂದಾಗ ಜಾಲರಿ ಮೇಲೆ ಹನ್ನೊಂದು ನಕ್ಷೆ ಒಣಗ್ತಿದ್ವು. ‘ಒಬ್ಬಳೇ ಮಾಡಿದ್ಯಾ?’ ಅಂದರು. ಹೂಂ ಅಂದೆ, ಇನ್ನೇನು ಅನ್ನಲಿ? ಆಮೇಲೆ ನೀನು ಬರೋ ತನಕ ಹತ್ತೊಂಬತ್ತು ವರ್ಷ, ಈ ಕೋಣೆಯಲ್ಲಿ ಹಾಜರಿ ಒಬ್ಬಳದೇ… ಸುಖವಾಗಿದ್ದೆ ಕಣೇ. ಬೈಯೋರು ಇಲ್ಲ ಅನ್ನೋದೊಂದೇ ಕೊರತೆ.”

ಮಳೆ ಸ್ವಲ್ಪ ಇಳಿದಿತ್ತು. ನನಗೆ ಮಾತ್ರ ಸಮಾಧಾನವಾಗಲಿಲ್ಲ.

“ಅವರು ನಿಮ್ಮ ದೊಡ್ಡಕ್ಕ, ಅದಕ್ಕೇ ಬಂದರು. ನನಗೆ ಯಾರು ಬರ್ತಾರೆ ಅಜ್ಜಿ?” ಎಂದೆ.

ಅಂಟಜ್ಜಿ ನಗುತ್ತ ನನ್ನ ಬೆನ್ನು ಸವರಿದರು.

“ಇವತ್ತು ಬೆಳಿಗ್ಗೆ ಅಷ್ಟು ದೊಡ್ಡ ಹಾಳೆ ತೊಟ್ಟಿಯಿಂದ ಎತ್ತಿದೆಯಲ್ಲ, ಒಂದು ಎಳೆಯೂ ಹರೀಲಿಲ್ಲ. ಅದರ ಮೇಲಿಂದ ಕಣ್ಣೇ ತೆಗೀಲಿಲ್ಲ ನೀನು, ಹಾಗೇ ಇರಬೇಕು. ಎದುರಿಗೆ ನಾನು ಹಿಡ್ಕೊಂಡಿದೀನಿ ಅಂತ ನೀನು ಅಂದ್ಕೊಂಡಿದ್ದೆ ಅಲ್ವಾ?… ನಾನು ಅಂಟಿನ ಪಾತ್ರೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ, ಮಗಳೇ.”