ತಿರುಗಿ ಬಂದ ಸಸಿ

ಎರಡು ಸಾವಿರದ ಮೂರರ ಏಪ್ರಿಲ್. ಇರಾಕಿನ ಮೇಲೆ ಬಾಂಬು ಬೀಳುತ್ತಿದ್ದ ದಿನಗಳು. ಪರದೇಶದ ಊರು ರಿಚ್ಮಂಡ್ ಹಿಲ್‌ನ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಧಾರವಾಡದ ಕನ್ನಡ ಕೇಳಿಸಿತು. ಅತ್ತೆ, ಸೊಸೆ. ಗಿರೀಶ ತಿರುಗಿ ನೋಡದೆ ಕಿವಿಗೊಟ್ಟ.

“ಬಾಜೂ ಮನಿ ಇರಾನಿ ಅಜ್ಜ ಗೋಧಿ ಸಸಿ ಹಳ್ಳಕ್ಕ ಒಗದಿದ್ದ. ನಮ್ಮ ನವರಾತ್ರಿ ಸಸಿ ಹಂಗ ಹಸರ ಇತ್ತವಾ. ಎತ್ತಿ ತಂದು ಅವನ ಕೈಯಾಗ ಕೊಟ್ಟೆ.”

“ಅಯ್ಯ, ಅತ್ತಿ! ಹೊಸಾ ವರ್ಷದ ಹಬ್ಬ ಮುಗದಮ್ಯಾಲ, ಮನಿ ಪೀಡಾ ಹೋಗ್ಲಿ ಅಂತ ಒಗೀತಾರ್ರಿ ಅದನ್ನ.”

“ನನಗೇನ ಗೊತ್ತ? ಏನಂದ ನಿನ್ನ ಮುಂದ?”

“ಐವತ್ತು ವರ್ಷದ ಹಿಂದ, ನೆಲದಾಗಿನ ಪೆಟ್ರೋಲ್ ಎಣ್ಣಿ ನಮ್ಮ ದೇಶದ್ದು ಅಂದಿದ್ದ ಇರಾನದ ಪ್ರಧಾನಿನ್ನ ಅಮೆರಿಕಾ, ಬ್ರಿಟನ್ ಕೂಡಿ ಇಳಿಸಿ, ರಾಜನ ಕೈಯಾಗ ಎಲ್ಲಾ ಕೊಟ್ರಂತ. ಆವಾಗ ಈ ಅಜ್ಜಾರ ಅಣ್ಣ ಜೈಲಿನ್ಯಾಗ ಸತ್ತ. ಆಮ್ಯಾಲ ಜನ ರೊಚ್ಚಿಗೆದ್ದು ರಾಜನ್ನ ಓಡ್ಸಿದ್ರು. ಹೊಸಾ ಸರ್ಕಾರದವ್ರು ಅಜ್ಜಾರ ಮಗನ್ನ ಹಿಡದು ಒಯ್ದ್ರು.”

“ಶಿವನ!”

“‘ಪೀಡಾ ವರ್ಷಾ ಒಗೀತೀನಿ, ವರ್ಷಾ ತಿರುಗಿ ಬರ್ತದ. ಈ ಸಲ ನಿಮ್ಮತ್ತಿ ಕೈಲೆ ಬಂತು’ ಅಂದ್ರು.”



“ನಾನ ಹೋಗಿ ಮತ್ತ ಒಗದು ಬರ್ಲೇನು?”

“ಬ್ಯಾಡಂತ. ಬಾಗ್ದಾದ್ ತೋರ್ಸೋ ಟಿವಿ ಮುಂದ ಇಟ್ಟು ನೀರ ಹಾಕಾಕತ್ತಾರ. ಇನ್ನ ಒಗ್ಯೂದಿಲ್ಲಂತ.”

ಬಸ್ಸು ನಿಂತಿತು. ಸೊಸೆ ಮೊದಲು ಇಳಿದು ಕೈ ಚಾಚಿದಳು. ಅತ್ತೆ ಸಸಿ ಎತ್ತಿ ತಂದಿದ್ದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು, ಕೈ ಕೊಡದೆ ಇಳಿದುಹೋದರು.