ಪಕ್ಕದ ರಾಟೆ

ಮದುಕ್ಕರೈ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ತನ್ನ ಮನೆಮಾತು ಕನ್ನಡ ಕಿವಿಗೆ ಬಿದ್ದದ್ದೇ ತಡ, ರಾಜಾಮಣಿಯಮ್ಮ ನೆಟ್ಟಗೆ ಕೂತಳು. ಮನೆಮನೆಗೆ ಹೋಗಿ ಮನಸ್ಸು ನೊಂದವರ ಮಾತು ಕೇಳುವ ಕೆಲಸದವರಿಬ್ಬರು, ತಮಗೆ ಆ ಕೆಲಸ ಕಲಿಸುವ ಮೇಡಮ್ ಬಗ್ಗೆ ಮಾತಾಡುತ್ತಿದ್ದರು.

“ವಿನೋದಿನಿ, ಆ ಮನೆಯ ರೆಕಾರ್ಡಿಂಗ್ ಮೇಡಮ್‌ಗೆ ಕಳಿಸಿದೆಯಾ?”

“ಕಳಿಸಿದೆ ತೆನ್ಮೊಳಿ ಅಕ್ಕಾ, ಹೆದರ್ಕೊಂಡೇ. ಗಂಡ ತೀರಿಹೋದಾಗಿಂದ ಆಯಮ್ಮ ಬಾಯೇ ಬಿಡ್ತಿಲ್ಲ, ಮಗ್ಗ ಬಿಟ್ಟು ಏಳ್ತಿಲ್ಲ. ನಾನೂ ಪಕ್ಕದ ರಾಟೆ ಹಿಡಿದು ನೂಲು ಸುತ್ತುತ್ತಾ ಕೂತುಬಿಟ್ಟೆ. ಹತ್ತು ನಿಮಿಷ ಒಂದು ಮಾತಿಲ್ಲ.”

“ಅಯ್ಯೋ! ಮೊದಲಾದ್ರೆ ಮೇಡಮ್ಮೇ ಬಂದು ನಮ್ಮ ಜೊತೆ ಜಗಲಿ ಮೇಲೆ ಕೂರೋರು, ಕಣ್ಣಾರೆ ನೋಡೋರು. ಹೊರಡುವಾಗ ಒಂದೇ ಲೋಟದ ಕಾಫೀನ ಮೂವರೂ ಹಂಚ್ಕೊಂಡಿದ್ದೂ ಉಂಟು. ಈಗ ಅಷ್ಟು ದೂರದಿಂದ ಫೋನಲ್ಲಿ ಏನು ತಿಳಿಯುತ್ತೆ? ಬೈದ್ರಾ?”

“ಇಲ್ಲ. ‘ಮೊದಲು ಮಗ್ಗದ ಸದ್ದು ತಡವರಿಸ್ತಿತ್ತು. ನಿನ್ನ ರಾಟೆ ಶುರುವಾದ ಮೇಲೆ ಒಂದೇ ಸಮ ನಡೀತು’ ಅಂದ್ರು.”

“ಅದು ಹೇಗೆ ಗೊತ್ತಾಯ್ತು ಅವರಿಗೆ?”

“ಅವರಮ್ಮ ನೇಯ್ತಿದ್ರಂತೆ. ಇವರು ಚಿಕ್ಕವರಿದ್ದಾಗ ಸ್ಕೂಲಿಂದ ಬಂದವರೇ ರಾಟೆಗೆ ಕೂರೋರಂತೆ. ‘ಮುಂದಿನ ವಾರವೂ ಹೋಗು, ಅವರಾಗೇ ಮಾತಾಡೋವರೆಗೆ ನೂಲು ಸುತ್ತು’ ಅಂದ್ರು. ಆಮೇಲೆ ಫೋನ್ ಇಡ್ಲೇ ಇಲ್ಲ ಅಕ್ಕಾ. ಸುಮ್ಮನೆ ಇದ್ರು.”

“ನೀನು?”

“ನಾನೂ ಸುಮ್ಮನೆ ಇದ್ದೆ.”

ಸಿಮೆಂಟ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಬ್ಬರೂ ಇಳಿದು ಹೋದರು.

“ಕೈ ನೋವಾ ಅಜ್ಜಿ?” ಎಂದು ಪಕ್ಕದಲ್ಲಿ ಕೂತಿದ್ದವಳು ತಮಿಳಿನಲ್ಲಿ ಕೇಳಿದಳು.

ರಾಜಾಮಣಿಯಮ್ಮ ಕೆಳಗೆ ನೋಡಿದಳು. ತನ್ನ ಮಗ್ಗ, ರಾಟೆ ಮಾರಿ ಹನ್ನೆರಡು ವರ್ಷವಾಗಿತ್ತು. ಬಲಗೈ ಮಡಿಲಲ್ಲಿ ತನ್ನಷ್ಟಕ್ಕೆ ತಾನೇ ಗುಂಡಗೆ ತಿರುಗುತ್ತಿತ್ತು.

“ಇಲ್ಲಮ್ಮಾ,” ಎಂದಳು. ಕೈ ನಿಲ್ಲಿಸಲಿಲ್ಲ.